ಬಚ್ಚಿ ಬಡಿಸಿದ ಮೀನು

"ಗುರುಗಳೇ, ಒಂದು ಹಿಡಿ ವಿಷವನ್ನು ಕಡಲಿಗೆ ಎಸೆದರೆ ಅದು ಕಡಲಲ್ಲೇ ಕರಗಿಹೋಗುವುದಿಲ್ಲವೇ? ಮನುಷ್ಯನ ಸಣ್ಣ ತಪ್ಪೂ ಹಾಗೆಯೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಹೊಳೆ ಕಡಲನ್ನು ಸೇರುವ ಅಳಿವೆಯೊಂದರ ದಡದಲ್ಲಿ ಬಚ್ಚಿ ಎಂಬ ಮುದುಕಿ ಇದ್ದಳು. ಮಗ ಸೂರ ಮೀನು ಹಿಡಿಯುತ್ತಿದ್ದ. ಸೊಸೆ ಸಾಕುವಿಗೆ ಹಿಂದಿನ ಬಸಿರುಗಳು ನಿಂತಿರಲಿಲ್ಲ. ಈಗ ಮತ್ತೆ ಗರ್ಭಿಣಿ. ಈ ಮಗುವಾದರೂ ಉಳಿಯಲಿ ಎಂದು ಬಚ್ಚಿ, ಬಲೆಗೆ ಬಿದ್ದ ಅಂಜಲ್ ಮೀನುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಮಾರಲು ಬಿಡದೆ ಸೊಸೆಗೆ ಬೇಯಿಸಿ ಹಾಕುತ್ತಿದ್ದಳು. ತನಗೆ ಗಂಜಿ, ಉಪ್ಪಿನಕಾಯಿ. ಸೊಸೆಯ ತಟ್ಟೆಯಲ್ಲಿ ಉಳಿದದ್ದು ಬೆಕ್ಕಿಗೆ.

ಹೊಳೆಯ ಮೇಲ್ಭಾಗದಲ್ಲಿ ಕೆಲವು ವರ್ಷಗಳ ಹಿಂದೆ ಒಬ್ಬ ಕಸುಬುದಾರ ಬಂದು ನೆಲೆಸಿದ್ದ. ಚಿನ್ನವನ್ನು ಪಾದರಸದಲ್ಲಿ ಅರೆದು ತಾಮ್ರದ ಪಾತ್ರೆಗಳಿಗೆ ಬಳಿಯುವುದು ಅವನ ಕೆಲಸ. ತೊಳೆದ ನೀರನ್ನು ಹೊಳೆಗೆ ಚೆಲ್ಲುತ್ತಿದ್ದ. ಹೊಳೆಯ ನೀರು ಮೊದಲಿನಂತೆ ತಿಳಿಯಾಗಿಯೇ ಇತ್ತು.

ಒಂದು ದಿನ ಬಚ್ಚಿಯ ಬೆಕ್ಕು ಎದ್ದು ನಿಂತಿತು, ನಡೆಯಲಾಗಲಿಲ್ಲ. ನಿಂತಲ್ಲೇ ಸುತ್ತಿತು, ಗೋಡೆಗೆ ಹಾಯಿತು, ಬಿತ್ತು. ಏನೋ ತಿಂದಿರಬೇಕು ಎಂದುಕೊಂಡಳು ಬಚ್ಚಿ. ಆ ಮಧ್ಯಾಹ್ನ ಊಟಕ್ಕೆ ಕೂತ ಸಾಕುವಿನ ಕೈಯಿಂದ ನೀರಿನ ಲೋಟ ಜಾರಿತು.

"ಅತ್ತೆ, ಬೆರಳೆಲ್ಲ ಜೋಮು ಹಿಡಿದಿದೆ. ಹಿಡಿದದ್ದೇ ತಿಳಿಯುವುದಿಲ್ಲ."

ಬಚ್ಚಿ ಸೊಸೆಯ ಬೆರಳು ನೋಡಿದಳು. ಹೊಸ್ತಿಲಲ್ಲಿ ನಡುಗುತ್ತಿದ್ದ ಬೆಕ್ಕನ್ನು ನೋಡಿದಳು. ಆಮೇಲೆ ತಟ್ಟೆಯಲ್ಲಿದ್ದ ಮೀನನ್ನು ನೋಡಿದಳು. ತಟ್ಟೆಯನ್ನು ಕಿತ್ತುಕೊಂಡು ಹಿತ್ತಲಿಗೆ ಓಡಿ, ಗುಂಡಿ ತೋಡಿ, ಮೀನನ್ನು ಹೂತಳು.

"ಅಮ್ಮ, ನಿನಗೇನು ಹುಚ್ಚೇ? ನಮ್ಮನ್ನು ಸಾಕಿದ್ದು ಇದೇ ಕಡಲಲ್ಲವೇ?" ಎಂದು ಸೂರ ಕೂಗಿದ. ಬಚ್ಚಿ ಹೊಳೆಯ ದಡ ಹಿಡಿದು ಮೇಲಕ್ಕೆ ನಡೆದಳು. ನೀರಿಗೆ ಹೊಸದಾಗಿ ಏನು ಬೀಳುತ್ತಿದೆ ಎಂದು ಕಂಡಕಂಡವರನ್ನು ಕೇಳುತ್ತ ಕಸುಬುದಾರನ ಬಾಗಿಲಿಗೆ ಬಂದಳು.

ಅವನು ಅವಳ ಮಾತನ್ನು ಪೂರ್ತಿ ಕೇಳಿದ. ಹೊಳೆಗಿಳಿದು, ಬೊಗಸೆ ತುಂಬ ನೀರು ತೆಗೆದು, ಅವಳೆದುರೇ ಕುಡಿದ. "ನೋಡಮ್ಮ, ನನಗೇನಾಯಿತು?"

ಏನೂ ಆಗಲಿಲ್ಲ. ಬಚ್ಚಿ ಹಿಂದಿರುಗಿದಳು.

ಅವನು ಸುಳ್ಳು ಹೇಳಿರಲಿಲ್ಲ. ನೀರಿನಲ್ಲಿದ್ದ ಪಾದರಸದ ವಿಷ ಕಣದಷ್ಟು. ಅದು ಅಳಿವೆಯ ಕೆಸರಿಗಿಳಿದು ಸಿಗಡಿಯ ಮೈ ಸೇರಿತು. ಸಿಗಡಿಗಳನ್ನು ಬಂಗುಡೆ ಮೀನು ತಿಂದಿತು. ಬಂಗುಡೆಗಳನ್ನು ಅಂಜಲ್ ವರ್ಷಗಟ್ಟಲೆ ತಿಂದಿತು. ಒಳಗೆ ಹೋದದ್ದು ಸುಲಭವಾಗಿ ಹೊರಗೆ ಬರಲಿಲ್ಲ. ಮೀನು ದೊಡ್ಡದಾದಷ್ಟೂ ಅದರೊಳಗಿನ ವಿಷವೂ ಬೆಳೆಯಿತು. ಬಚ್ಚಿ ಆರಿಸಿದ್ದು ಎಲ್ಲಕ್ಕಿಂತ ದೊಡ್ಡದನ್ನು.

ಆಮೇಲೆ ಆ ಮನೆಯಲ್ಲಿ ಅಂಜಲ್ ಬೇಯಲಿಲ್ಲ. ತಿಂಗಳು ತುಂಬಿ ಸಾಕು ಹೆತ್ತಳು. ಮಗು ಬದುಕಿತ್ತು. ಆದರೆ ಅದರ ಕೈಕಾಲು ಸೆಟೆದುಕೊಂಡಿದ್ದವು. ಮೊಲೆಗೆ ಬಾಯಿ ಹಚ್ಚಿದರೂ ಚೀಪಲಾಗಲಿಲ್ಲ. ಇತ್ತ ಸಾಕುವಿನ ಬೆರಳಿನ ಜೋಮು ದಿನದಿನಕ್ಕೆ ಇಳಿಯಿತು. "ತಾಯಿ ಬದುಕಿಕೊಂಡಳು" ಎಂದಳು ಸೂಲಗಿತ್ತಿ. ತಾಯಿಯ ಮೈಯಲ್ಲಿದ್ದ ವಿಷ ಎಲ್ಲಿಗೆ ಹೋಯಿತೆಂದು ಬಚ್ಚಿಗೆ ಹೊಳೆಯಿತು. ಅವಳು ಯಾರಿಗೂ ಹೇಳಲಿಲ್ಲ. ಬಟ್ಟೆಯನ್ನು ಹಾಲಿನಲ್ಲಿ ಅದ್ದಿ ಮೊಮ್ಮಗುವಿನ ತುಟಿಯ ಮೇಲೆ ಹಿಂಡುತ್ತ ಕೂತಳು. ಅದು ಬದುಕಿದ್ದಷ್ಟು ಕಾಲವೂ ಹಾಗೆಯೇ ಉಣಿಸಿದಳು.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಆದರೆ ಗುರುಗಳೇ, ಆ ಕಸುಬುದಾರ ಬೇಕೆಂದು ಮಾಡಿದ್ದಲ್ಲವಲ್ಲ. ಅವನು ಆ ಮಗುವನ್ನು ನೋಡಿಯೂ ಇರಲಿಲ್ಲ."

"ಆ ಮಗುವೂ ಅವನನ್ನು ನೋಡಿರಲಿಲ್ಲ. ಆದರೂ ಅವನು ಚೆಲ್ಲಿದ್ದು ಅದರ ಮೈ ಸೇರಿತು" ಎಂದರು ಗುರುಗಳು.