ಯಾಕಂತ ಬರೆಯದ ಸಾಲು

ಘಟಪ್ರಭೆ ಹೊಳೆಯ ದಂಡೆಗೆ ಒಂದು ಆಶ್ರಮ. ಹೊರಗೆ ಬೇವಿನ ಮರ, ಮಣ್ಣಿನ ಗೋಡೆ. ಒಳಗೆ ಸಾಲಾಗಿ ಕಂಪ್ಯೂಟರುಗಳು.

ಅಲ್ಲಿ ಮಂತ್ರ ಹೇಳಿಕೊಡುತ್ತಿರಲಿಲ್ಲ. ಕ್ವಾಂಟಮ್ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವುದನ್ನು ಹೇಳಿಕೊಡುತ್ತಿದ್ದರು. ನಗುವವರು ಈಗಲೇ ನಕ್ಕುಬಿಡಿ, ಮುಂದೆ ಪುರುಸೊತ್ತಿಲ್ಲ.

ಗುರುವಿನ ಹೆಸರು ಅಡಿವೆಯ್ಯ. ಶಿಷ್ಯರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟರೆ ವಿದ್ಯೆ ಸತ್ತೇ ಹೋಗುತ್ತದೆ ಎಂದು ಅವರು ಬಲವಾಗಿ ನಂಬಿದ್ದರು.

ಶಿಷ್ಯೆಯ ಹೆಸರು ಮಹಾನಂದಾ. ಅವಳು ಕೇಳದೆ ಬಿಡುವವಳಲ್ಲ. ಇಬ್ಬರೂ ಇಷ್ಟು ದಿನ ಒಂದೇ ಸೂರಿನ ಕೆಳಗೆ ಇದ್ದದ್ದೇ ದೊಡ್ಡ ಮಾತು.

ಆಶ್ರಮದಲ್ಲಿ ಒಂದು ಹಳೆಯ ಪ್ರೋಗ್ರಾಮ್ ಇತ್ತು. ಅಡಿವೆಯ್ಯನವರಿಗೆ ತಮ್ಮ ಗುರುಗಳಿಂದ ಬಂದದ್ದು. ಆಮೇಲೆ ಇವರೂ ಅದಕ್ಕೆ ಬಹಳಷ್ಟು ಸೇರಿಸಿದ್ದರು. ದೂರದ ಊರಿನಲ್ಲಿದ್ದ ಕ್ವಾಂಟಮ್ ಯಂತ್ರ ಅದನ್ನು ಓದಿ ನಡೆಸುತ್ತಿತ್ತು.

ಒಂದು ದಿನ ಆ ಊರಿನಿಂದ ಸುದ್ದಿ ಬಂತು. ಯಂತ್ರದ ಭಾಷೆ ಬದಲಾಗಿದೆ. ತಿಂಗಳ ಕೊನೆಯ ಸಂಜೆಯೊಳಗೆ ಹೊಸ ಭಾಷೆಯಲ್ಲಿ ಸರಿಯಾಗಿ ಓಡಿ ತೋರಿಸದ ಪ್ರೋಗ್ರಾಮನ್ನು ಇನ್ನು ಮುಂದೆ ಅದು ಮುಟ್ಟುವುದಿಲ್ಲ.

ಅಡಿವೆಯ್ಯನವರು ಮಹಾನಂದಾಳನ್ನು ಕರೆದರು.

“ಇದನ್ನ ಹೊಸ ಭಾಷಿಗೆ ತಾ. ಕೆಡಿಸಿದಿ ಅಂದ್ರ ಗಂಟ ಕಟ್ಟು.”

“ಆತ್ರಿ ಅಜ್ಜಾರ.”

ಹೋಗಲು ಅವಳಿಗೆ ಊರಿತ್ತು, ಮನೆಯಿತ್ತು. ಹೋಗುವ ಮನಸ್ಸು ಮಾತ್ರ ಇರಲಿಲ್ಲ. ಕ್ವಾಂಟಮ್ ಯಂತ್ರದೊಳಗೆ ಲೆಕ್ಕ ಹಿಡಿದುಕೊಳ್ಳುವ ಪುಟ್ಟ ಕಣಕ್ಕೆ ಕ್ಯೂಬಿಟ್ ಎನ್ನುತ್ತಾರೆ. ಅದನ್ನು ಮಾತಿಗೆ ಬಗ್ಗಿಸುವ ವಿದ್ಯೆ ಅವಳಿಗೆ ಊಟ ನಿದ್ದೆಗಿಂತ ಹೆಚ್ಚಾಗಿತ್ತು. ಇಲ್ಲಿಂದ ಕಳಿಸಿದರೆ ಕಲಿಸುವವರು ಇನ್ನೊಬ್ಬರು ಸಿಗುತ್ತಿರಲಿಲ್ಲ.

ಅವಳು ಪ್ರೋಗ್ರಾಮ್ ತೆರೆದು ಓದಿದಳು. ನಡುವೆ ಒಂದು ಕಡೆ ಕಣ್ಣು ನಿಂತಿತು. ತನ್ನ ಸರದಿಗಾಗಿ ಕಾಯುತ್ತಿದ್ದ ಒಂದು ಕ್ಯೂಬಿಟ್ಟನ್ನು ತಲೆಕೆಳಗು ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಲೆಕೆಳಗು ಮಾಡಲಾಗಿತ್ತು. ಅಂದರೆ ಮೊದಲಿದ್ದ ಹಾಗೆಯೇ ಆಯಿತು.

“ಅಜ್ಜಾರ, ಇವೆರಡು ಯಾಕ?”

ಅಡಿವೆಯ್ಯನವರು ಹೊಳೆಯ ಕಡೆ ಕೈ ತೋರಿಸಿ ಎದ್ದುಹೋದರು.

ಮಹಾನಂದಾ ಹೊಳೆ ನೋಡಿದಳು. ಹೊಳೆಯಲ್ಲಿ ನೀರಿತ್ತು.

ಆಮೇಲೆ ಅವಳು ಎಐಯನ್ನು ಕೇಳಿದಳು. ಮನುಷ್ಯರು ಬರೆದದ್ದನ್ನು ರಾಶಿ ರಾಶಿ ಓದಿ ಮಾತು ಕಲಿತ ಯಂತ್ರ ಅದು. ಉತ್ತರ ಕೊಡಲು ಅದಕ್ಕೆ ಬಿಗುಮಾನವಿಲ್ಲ.

“ಈ ಎರಡು ಹೆಜ್ಜೆಗಳು ಒಂದನ್ನೊಂದು ರದ್ದು ಮಾಡುತ್ತವೆ,” ಎಂದಿತು. “ಅನಗತ್ಯ. ತೆಗೆದಿದ್ದೇನೆ.”

ಹಳೆಯ ಭಾಷೆಯ ಆಜ್ಞೆಗಳನ್ನೆಲ್ಲ ಹೊಸದಕ್ಕೆ ಬದಲಿಸಿಯೂ ಕೊಟ್ಟಿತು. ಕಂಪ್ಯೂಟರಿನಲ್ಲಿ ಆ ದೂರದ ಯಂತ್ರದ ಒಂದು ನಕಲು ಇತ್ತು. ಮಹಾನಂದಾ ಮೊದಲು ಅದರ ಮೇಲೆ ಓಡಿಸಿ ನೋಡಿದಳು. ಚಾಚೂ ತಪ್ಪದೆ ಹಳೆಯ ಉತ್ತರವೇ ಬಂತು. ಅವಳಿಗೆ ಖುಷಿಯಾಯಿತು.

ಕೊನೆಯ ದಿನ ಮಧ್ಯಾಹ್ನ ನಿಜವಾದ ಯಂತ್ರಕ್ಕೆ ಕಳಿಸಿದಳು. ಕಸ ಬಂತು. ನಾಣ್ಯ ಚಿಮ್ಮಿ ಬರೆದ ಹಾಗಿತ್ತು ಉತ್ತರ.

ಅಡಿವೆಯ್ಯನವರು ಬಂದು ಪರದೆ ನೋಡಿದರು.

“ಯಾರ ಮಾಡಿದ್ದು?”

“ನಾನ್ರಿ. ಎಐ ಕೇಳಿ ಮಾಡೀನಿ.”

“ಒಳಗ ಬಾ.”

ಅಡುಗೆಮನೆಯಲ್ಲಿ ಎರಡು ಹಂಚು ಕಾದಿದ್ದವು. ಎರಡರ ಮೇಲೂ ಅವರು ಜೋಳದ ರೊಟ್ಟಿ ಹಾಕಿ ನೀರು ಸವರಿದರು.

“ಇದನ್ನ ತಿರುವಿ ಹಾಕು.”

ತಿರುವಿ ಹಾಕಿದಳು.

“ಬೇಯಲಿ. ಹಾಂ, ಮತ್ತ ತಿರುವು.”

ಮತ್ತೆ ತಿರುವಿದಳು.

“ಮದಲ ಯಾವ ಮಗ್ಗಲ ಮ್ಯಾಲಿತ್ತು?”

“ಇದರಿ.”

“ಈಗ?”

“ಇದರಿ.”

“ಹಂಗಾದ್ರ ಏನೂ ಆಗಿಲ್ಲ.”

ಪಕ್ಕದ ಹಂಚಿನಿಂದ ಹೊಗೆ ಎದ್ದಿತ್ತು. ತಿರುವದೆ ಬಿಟ್ಟ ರೊಟ್ಟಿ ಕೆಳಗೆ ಕರಕಲಾಗಿ, ಮೇಲೆ ಹಸಿಯಾಗಿಯೇ ಇತ್ತು.

ಮಹಾನಂದಾಗೆ ತಿಳಿಯಿತು. ಕ್ಯೂಬಿಟ್ ಸುಮ್ಮನೆ ಕಾದು ಕೂತರೆ ಸುತ್ತಲಿನ ಗದ್ದಲ ಅದನ್ನು ಒಂದೇ ಕಡೆಗೆ ಎಳೆಯುತ್ತಾ ಹೋಗುತ್ತದೆ, ಹಿಡಿದದ್ದನ್ನು ಅದು ಮರೆಯುತ್ತದೆ. ನಡುವೆ ತಲೆಕೆಳಗು ಮಾಡಿದರೆ ಮೊದಲು ಆದ ಕೆಡುಕನ್ನು ಆಮೇಲಿನ ಎಳೆತವೇ ಸರಿಮಾಡುತ್ತದೆ. ಕೊನೆಗೊಮ್ಮೆ ನೆಟ್ಟಗೆ ಮಾಡಿದರಾಯಿತು. ನಕಲು ಯಂತ್ರದಲ್ಲಿ ಗದ್ದಲವೇ ಇಲ್ಲ, ಹಾಗಾಗಿ ಅಲ್ಲಿ ಏನೂ ಗೊತ್ತಾಗಿರಲಿಲ್ಲ.

ಇಂಥ ಕಥೆಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಶಿಷ್ಯೆ ಕಣ್ಣೀರು ಸುರಿಸಿ ಕಾಲಿಗೆ ಬೀಳುತ್ತಾಳೆ, ಗುರು ಮುಗುಳ್ನಗುತ್ತಾರೆ, ಓದಿದವರು ತಲೆದೂಗುತ್ತಾರೆ.

ಮಹಾನಂದಾ ಬೀಳಲಿಲ್ಲ. ಅವಳಿಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂದಿತ್ತು.

“ತಪ್ಪ ನಿಮ್ದು ಅಜ್ಜಾರ.”

“ಏನಂದಿ?”

“ತಪ್ಪ ನಿಮ್ದು. ಯಾಕಂತ ನಾ ಕೇಳಿದ್ನಿ. ನೀವು ಹೊಳಿ ತೋರಿಸಿದ್ರಿ. ಈ ರೊಟ್ಟಿ ಅವತ್ತ ತೋರಿಸಿದ್ರ ನಿಮ್ಮ ಗಂಟೇನ ಹೋಗತಿತ್ತು?”

“ಯಂತ್ರದ ಮಾತ ನಂಬಿದಾಕಿ ಯಾರು?”

“ನಾನ. ನಂಬಿದ್ದು ನನ್ನ ತಪ್ಪ, ಇಲ್ಲನ್ನೂದಿಲ್ಲ. ಆದ್ರ ಕೇಳ್ರಿ. ಅದಕ್ಕ ಗೊತ್ತಿರಲಿಲ್ಲ, ಆದ್ರೂ ಹೇಳ್ತು. ನಿಮಗ ಗೊತ್ತಿತ್ತು, ನೀವು ಹೇಳ್ಲಿಲ್ಲ. ಇಬ್ಬರೊಳಗ ಕೆಟ್ಟ ಗುರು ಯಾರ್ರಿ?”

ಅಡಿವೆಯ್ಯನವರ ಮುಖ ಕೆಂಪೇರಿತು. ಆಶ್ರಮ ಕಟ್ಟಿದಾಗಿನಿಂದ ಅವರೆದುರು ಇಂಥ ಮಾತು ಯಾರೂ ಆಡಿರಲಿಲ್ಲ.

“ಗಂಟ ಕಟ್ಟು.”

“ಕಟ್ತೀನ್ರಿ. ಕೆಟ್ಟದ್ದು ನೆಟ್ಟಗ ಮಾಡಿ ಹೋಗ್ತೀನಿ.”

“ಬ್ಯಾಡ ಅಂದ್ನಿ.”

“ಕೆಡಿಸಿದಾಕಿ ನಾನು. ನೆಟ್ಟಗ ಮಾಡಾಕ ನಿಮ್ಮ ಅಪ್ಪಣಿ ಬೇಕಾಗಿಲ್ಲ.”

ಅವಳು ಬಟ್ಟೆಬರೆ ಕಟ್ಟಿ ಬಾಗಿಲ ಬಳಿ ಇಟ್ಟಳು. ಆಮೇಲೆ ಬಂದು ಕಂಪ್ಯೂಟರಿನ ಮುಂದೆ ಗಟ್ಟಿಯಾಗಿ ಕೂತಳು. ಅಡಿವೆಯ್ಯನವರು ತಡೆಯಲಿಲ್ಲ. ಹೊಸ್ತಿಲ ಆಚೆ ನಿಂತು ನೋಡಿದರು.

ತೆಗೆದುಹಾಕಿದ್ದ ಎರಡು ತಿರುವುಗಳನ್ನು ಅವಳು ಮತ್ತೆ ಸೇರಿಸಿದಳು. ಪ್ರೋಗ್ರಾಮಿನೊಳಗೆ ಯಂತ್ರಕ್ಕಲ್ಲದೆ ಓದುವವರಿಗೆಂದೇ ನಾಲ್ಕು ಮಾತು ಬರೆದಿಡಬಹುದು. ಅಡಿವೆಯ್ಯನವರು ಅಂಥ ಒಂದು ಮಾತನ್ನೂ ಬರೆದಿರಲಿಲ್ಲ. ಮಹಾನಂದಾ ಆ ಸಾಲುಗಳ ಮೇಲೆ ಬರೆದಳು: ‘ಕಾಯುವ ಕ್ಯೂಬಿಟ್ ಮರೆಯದಿರಲಿ ಎಂದು ಈ ಎರಡು ತಿರುವು. ತೆಗೆಯಬೇಡಿ.’

“ಹಂಗ ಎಲ್ಲಾ ಬಿಡಿಸಿ ಬರದ್ರ ವಿದ್ಯೆ ಹಗೂರ ಆಗತೈತಿ,” ಎಂದರು ಅಡಿವೆಯ್ಯನವರು.

“ಆಗಲ್ರಿ. ಮುಂದಿನವರಿಗೆ ಹೊರಾಕ ಸಸಾರ ಆಗತೈತಿ.”

ಅವಳು ಮತ್ತೆ ಎಐಯನ್ನೇ ಕರೆದಳು.

“ಮತ್ತ ಅದನ್ನ?” ಗುರುಗಳ ದನಿ ಏರಿತು.

“ಮತ್ತ ಅದನ್ನ. ಈ ಸಲ ಕಾರಣ ಹೇಳಿ ಕೊಡ್ತೀನಿ.”

ಕೊಟ್ಟಳು. ಅದು ಓದಿ ಹೇಳಿತು: “ಮೊದಲು ತೆಗೆದದ್ದು ನನ್ನ ತಪ್ಪು. ಒಂದು ಎಚ್ಚರಿಕೆ. ಬರೆದದ್ದನ್ನು ಯಂತ್ರಕ್ಕೆ ಒಗ್ಗಿಸುವ ಹೊಸ ಕಂಪೈಲರ್ ಕೂಡ ಈ ತಿರುವುಗಳನ್ನು ಅನಗತ್ಯವೆಂದು ಅಳಿಸಿಬಿಡಬಹುದು. ಅದಕ್ಕೆ ನಡುವೆ ತಡೆ ಹಾಕಿದ್ದೇನೆ.”

ತಡೆ ಬೇಕಾಗುತ್ತದೆ ಎಂದು ಅಡಿವೆಯ್ಯನವರಿಗೆ ಹೊಳೆದಿರಲಿಲ್ಲ. ಅವರು ಹೊಸ್ತಿಲು ದಾಟಿ ಒಳಗೆ ಬಂದರು.

“ಇನ್ನೊಂದು ಪ್ರಶ್ನೆ,” ಎಂದಿತು ಎಐ. “ಕೊನೆಯ ಸಾಲಿನಲ್ಲಿ ಒಂದು ಕ್ಯೂಬಿಟ್ಟನ್ನು ಬೇಕಾದದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ತಿರುಗಿಸಲಾಗಿದೆ. ಇದು ಬೇಕೆಂದೇ ಮಾಡಿದ್ದೇ? ಕಾರಣ ತಿಳಿಯದೆ ನಾನು ಅದನ್ನು ಮುಟ್ಟುವುದಿಲ್ಲ.”

ಮಹಾನಂದಾ ತಿರುಗಿದಳು.

“ಯಾಕ್ರಿ ಅಜ್ಜಾರ?”

ಅಡಿವೆಯ್ಯನವರ ಕಣ್ಣು ಕಿಟಕಿಯ ಆಚೆ ಹೋಯಿತು.

“ಹೊಳಿ ನೋಡಬ್ಯಾಡ್ರಿ. ನನ್ನ ನೋಡ್ರಿ.”

“ಹೊತ್ತ ಮುಳಗಾಕತ್ತೈತಿ. ಕಳಸು.”

“ಯಾಕಂತ ಹೇಳದ ಸಾಲ ನಾ ಕಳಸೂದಿಲ್ಲ.”

“ಇವತ್ತ ಕಳಸದಿದ್ರ ಎಲ್ಲಾ ಹೋಗತೈತಿ.”

“ಹೋಗ್ಲಿ ಬಿಡ್ರಿ. ಯಾರಿಗೂ ತಿಳೀಲಾರದ್ದು ಉಳದರೇನು, ಹೋದರೇನು?”

ಅದು ಹೋಗುವುದು ಅವಳಿಗೂ ಬೇಕಿರಲಿಲ್ಲ. ತಾನು ಹೋದ ಮೇಲಾದರೂ ಆ ಪ್ರೋಗ್ರಾಮ್ ಓಡುತ್ತಿರಲಿ ಎಂದೇ ಅವಳು ಇಷ್ಟು ಹೊತ್ತು ಕೂತದ್ದು. ಆದರೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅಲುಗಾಡದೆ ಕಾದಳು.

ಹೊರಗೆ ಬಿಸಿಲು ಬೇವಿನ ಮರದ ತುದಿಗೆ ಏರಿತ್ತು.

ಅಡಿವೆಯ್ಯನವರು ಅವಳ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು.

“ಆ ಸಾಲ ನಾ ಬರದದ್ದಲ್ಲ. ನಮ್ಮ ಗುರುಗಳು ಬರದದ್ದು. ಯಾಕಂತ ನಾನೂ ಕೇಳಿದ್ನಿ.”

“ಏನಂದ್ರು?”

“ನಕ್ಕರು.”

“ನೀವು?”

“ತಿಳೀತು ಅನ್ನೂವಂಗ ತಲಿ ಅಲ್ಲಾಡಿಸಿದ್ನಿ.”

ಮಹಾನಂದಾ ನಗಲಿಲ್ಲ. ಅವಳ ಸಿಟ್ಟು ಇಳಿದುಹೋಗಿತ್ತು. ನೆಲದ ಮೇಲೆ ಕೂತ ಆ ಮನುಷ್ಯನನ್ನು ಕಂಡು ಅವಳಿಗೆ ಮೊದಲ ಸಲ ಅಕ್ಕರೆ ಉಕ್ಕಿತು. ಪಟ್ಟು ಮಾತ್ರ ಬಿಡಲಿಲ್ಲ.

“ಮತ್ತ ಈಗ ಅದರ ಮ್ಯಾಲ ಏನಂತ ಬರೀಲ್ರಿ?”

ಅಡಿವೆಯ್ಯನವರು ಪರದೆಯ ಮೇಲಿನ ಆ ಸಾಲನ್ನೇ ನೋಡಿದರು. ಆಮೇಲೆ ಅವಳ ಮುಖ ನೋಡಿ ಹೇಳಿದರು:

“ಬರದು ಕಳಸು: ‘ಇದು ಯಾಕಂತ ಅಡಿವೆಯ್ಯಗ ಗೊತ್ತಿಲ್ಲ. ಮಹಾನಂದಾ ಇಲ್ಲೇ ಕುಂತ ಹುಡುಕಾಕತ್ತಾಳ. ಆಕೀನ್ನ ಕೇಳ್ರಿ.’”