ಹುಳಿಮಾವಿಗೆ ಬಾಯಿಬಿಟ್ಟ ಕೂಸು

"ಅದು ಮನುಷ್ಯನೇ ಆಗಿದ್ದರೆ ಸಭೆಗೆ ಬರಲಿ, ತನಗೇನು ಬೇಕೋ ಬಾಯಿಬಿಟ್ಟು ಕೇಳಲಿ! ಆಗ ಅರ್ಧ ಮನೆಯನ್ನು ನಾನೇ ಬಿಟ್ಟುಕೊಡುತ್ತೇನೆ," ಎಂದು ಚೌಡಪ್ಪ ಮೀಸೆ ತಿರುವಿದ.

"ಅದು" ಅಂದರೆ ಈರಕ್ಕನ ಹೊಟ್ಟೆಯಲ್ಲಿದ್ದ ಐದು ತಿಂಗಳ ಬಸಿರು. ಈರಕ್ಕ ಚೌಡಪ್ಪನ ತಮ್ಮನ ಹೆಂಡತಿ. ತಮ್ಮ ಹಾವು ಕಚ್ಚಿ ಸತ್ತಿದ್ದ. ಕೆಂಗಲ್ಲುದುರ್ಗದ ಕಟ್ಟಳೆಯಂತೆ, ಸತ್ತವನಿಗೆ ಮಗುವಿದ್ದರೆ ಮನೆಯ ಅರ್ಧ ಮಗುವಿನದು, ತಾಯಿಯೂ ಅಲ್ಲೇ ಇರಬಹುದು. ಇಲ್ಲದಿದ್ದರೆ ಮನೆಯೆಲ್ಲ ಅಣ್ಣನದು, ವಿಧವೆ ತವರಿಗೆ ನಡೆಯಬೇಕು. ಈರಕ್ಕನ ತವರಲ್ಲಿ ದೀಪ ಹಚ್ಚುವವರೂ ಉಳಿದಿರಲಿಲ್ಲ.

ಹೊಟ್ಟೆಯಲ್ಲಿರುವುದು ಒಬ್ಬ ಮನುಷ್ಯನೋ ಅಲ್ಲವೋ? ಪಾಳೆಗಾರ ಸರ್ಜಪ್ಪ ನಾಯಕ ಬಲ್ಲವರನ್ನೆಲ್ಲ ಕೂರಿಸಿ ಕೇಳಿದ.

"ಜೀವ ಸೇರುವುದು ಏಳನೆಯ ತಿಂಗಳಲ್ಲಿ," ಎಂದರು ಶಾಸ್ತ್ರಿಗಳು.

"ನಾಲ್ಕು ತುಂಬಿದರೆ ಆತ್ಮ ಬಂದ ಹಾಗೆ," ಎಂದರು ಖಾಜಿ ಸಾಹೇಬರು.

"ಎಂಟರಲ್ಲಿ ನಾವು ಬಸುರಿಯ ಹೊಟ್ಟೆಗೇ ಲಿಂಗ ಕಟ್ಟುತ್ತೇವೆ. ಲಿಂಗ ಕಟ್ಟಿಸಿಕೊಂಡದ್ದು ಭಕ್ತನಲ್ಲದೆ ಇನ್ನೇನು?" ಎಂದರು ಮಠದ ಅಯ್ಯನವರು.

ನ್ಯಾಯ ನೋಡುವ ಪಾರುಪತ್ಯಗಾರ ಯಾವ ತಿಂಗಳನ್ನೂ ಒಪ್ಪಲಿಲ್ಲ. "ತೊಟ್ಟಿಲಿಗೆ ಹಾಕಿ ಹೆಸರಿಡುವ ತನಕ ಅದು ಯಾರೂ ಅಲ್ಲ. ಹೆಸರಿಲ್ಲದವನನ್ನು ಚಾವಡಿಗೆ ಏನಂತ ಕೂಗಿ ಕರೆಯೋದು, ಬುದ್ಧಿ?"

ನಾಯಕ ತಲೆ ಹಿಡಿದುಕೊಂಡ. "ಒಬ್ಬೊಬ್ಬರು ಒಂದೊಂದು ತಿಂಗಳು ಹಿಡಿದು ಕೂತಿದ್ದೀರಲ್ಲ! ನೀವು ಒಪ್ಪಿಕೊಳ್ಳುವಷ್ಟರಲ್ಲಿ ಅದು ಹುಟ್ಟಿ ಬೆಳೆದು ಮದುವೆಯೂ ಆಗಿರುತ್ತೆ."

"ಹುಟ್ಟಿದ ಮೇಲೆ ಬೇಕಾದರೆ ಬರಲಿ," ಎಂದ ಚೌಡಪ್ಪ. "ಅಷ್ಟರಲ್ಲಿ ಆ ಭಾಗ ಕೆಡವಿ ದನದ ಕೊಟ್ಟಿಗೆ ಮಾಡಿಕೊಂಡಿರುತ್ತೇನೆ. ದನಗಳ ಜೊತೆ ಮಾತಾಡಿಕೊಳ್ಳಲಿ!"

ಆಗ ಕಂಬದ ಮರೆಯಿಂದ ಕೊಟ್ರವ್ವ ಎದ್ದಳು. ನಾಯಕನನ್ನು ಎತ್ತಿ ಆಡಿಸಿದ ಮುದುಕಿ ಅವಳು. ಅರಮನೆಯಲ್ಲಿ ಅವಳ ನಾಲಿಗೆಗೆ ತಡೆಯಿರಲಿಲ್ಲ.

"ಬುದ್ಧಿ, ತೀರ್ಪು ಮುಂದಿನ ಸೋಮವಾರಕ್ಕೆ ಇರಲಿ. ಅಷ್ಟರಲ್ಲಿ ಕೂಸು ಕೇಳಿದ್ದನ್ನು ಸಭೆಗೆ ತಿಳಿಸೋ ಹಾಗೆ ಮಾಡ್ತೀನಿ."

ಸಭೆ ಘೊಳ್ಳೆಂದು ನಕ್ಕಿತು. ಚೌಡಪ್ಪನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ.

ಹೇಳುವುದೇನೋ ಹೇಳಿಬಿಟ್ಟಳು. ಹುಟ್ಟದ ಕೂಸನ್ನು ಮಾತಾಡಿಸುವುದು ಹೇಗೆಂದು ಕೊಟ್ರವ್ವನಿಗೂ ಹೊಳೆದಿರಲಿಲ್ಲ. ತನ್ನ ಬಾಯಿಗೆ ತಾನೇ ಶಾಪ ಹಾಕಿಕೊಳ್ಳುತ್ತ ಬರುವಾಗ ಚೌಡಪ್ಪನ ಮನೆ ಮುಂದೆ ಅವನ ಹೆಂಡತಿ ನಿಂಗಕ್ಕ ಕಂಡಳು. ಮುಖ ಬಿಳಿಚಿಕೊಂಡು, ಚರಂಡಿಗೆ ಉಗಿಯುತ್ತ ಕೂತಿದ್ದಳು.

"ಏನವ್ವ, ಎಷ್ಟು ತಿಂಗಳು?"

"ಮೂರು ಕಣಜ್ಜಿ. ಅನ್ನ ಕಂಡರೆ ಹೊಟ್ಟೆ ತೊಳಸುತ್ತೆ."

ಕೊಟ್ರವ್ವನ ಕಾಲು ಅಲ್ಲೇ ನಿಂತಿತು. ಮೆಲ್ಲಗೆ ಜಗಲಿ ಮೇಲೆ ಕೂತಳು. "ಅನ್ನ ಬಿಡು. ದೊರೆಯ ಖಾಸಾ ತೋಟದಲ್ಲಿ ಒಂದು ಮಾವಿನ ಮರ ಇದೆ. ಅದರ ಕಾಯಿ ಎಂಥ ಹುಳಿ ಅಂತೀಯ! ಹಸಿರಾಗಿದ್ದಾಗಲೇ ಸೀಳಿ, ಉಪ್ಪು ಖಾರ ಸವರಿ, ಹಲ್ಲಿಗೆ ತಾಗಿಸಿದರೆ..."

"ಸಾಕಜ್ಜಿ, ಬಾಯಲ್ಲಿ ನೀರು ಬರ್ತಿದೆ!"

"ಗಂಡನಿಗೆ ಹೇಳು. ಬಸುರಿ ಬಯಕೆ ತೀರಿಸದಿದ್ದರೆ ಕೂಸಿಗೆ ಕಿವಿ ಸೋರುತ್ತೆ, ಗೊತ್ತಲ್ಲ?"

ಅಂದಿನಿಂದ ಚೌಡಪ್ಪನಿಗೆ ಮನೆಯಲ್ಲಿ ನೆಮ್ಮದಿ ಇಲ್ಲವಾಯಿತು. ಸಂತೆಯಿಂದ ತಂದ ಮಾವಿನಕಾಯಿಯನ್ನು ನಿಂಗಕ್ಕ ಮೂಸಿ ಎಸೆದಳು. ಖಾಸಾ ಮರ ಮುಟ್ಟಿದ ಕಳ್ಳನಿಗೆ ತಲೆ ಬೋಳಿಸಿ ಕತ್ತೆ ಮೆರವಣಿಗೆ ಎಂದು ಊರಿಗೆಲ್ಲ ಗೊತ್ತಿತ್ತು. ಆದರೂ ಭಾನುವಾರ ಮಧ್ಯಾಹ್ನ ಕಾವಲಿನವರು ತೂಕಡಿಸುವ ಹೊತ್ತು ನೋಡಿ ಅವನು ಮರ ಹತ್ತಿದ. ಕೊಂಬೆ ಲಟಕ್ಕೆಂದಿತು. ಉಡಿತುಂಬ ಕಾಯಿ ಸಮೇತ ಅವನು ಕಾವಲುಗಾರನ ಮೈಮೇಲೇ ಬಿದ್ದ.

ಸೋಮವಾರ ಸಭೆ ಸೇರಿತು. ತೀರ್ಪಿಗೆಂದು ಈರಕ್ಕನೂ ಬಂದಿದ್ದಳು. ಕಾವಲಿನವರು ಚೌಡಪ್ಪನನ್ನು ನೂಕಿಕೊಂಡು ಬಂದರು.

"ನನ್ನ ಮರಕ್ಕೇ ಕೈ ಹಾಕಿದೆಯೇನೋ?" ನಾಯಕ ಗುಡುಗಿದ.

"ಕಳವಲ್ಲ ಬುದ್ಧಿ! ಬಸುರಿಯ ಬಯಕೆಗೆ ಕಿತ್ತದ್ದು ಕಳವಲ್ಲ ಅಂತ ನಿಮ್ಮ ಅಜ್ಜಿಯವರೇ ಕಟ್ಟಳೆ ಮಾಡಿದ್ದಾರೆ."

ಪಾರುಪತ್ಯಗಾರ ತಲೆಯಾಡಿಸಿದ. ಕಟ್ಟಳೆ ಇತ್ತು.

ಕೊಟ್ರವ್ವ ಮುಂದೆ ಬಂದಳು. "ಅಂದರೆ ನಿನ್ನ ಹೆಂಡತಿಗೆ ನಾಲಿಗೆ ಚಪಲ ಅನ್ನು. ಚಪಲಕ್ಕೆಲ್ಲ ಕಟ್ಟಳೆ ಇಲ್ಲವಪ್ಪ."

"ಅವಳದಲ್ಲ ಅಜ್ಜಿ! ಅವಳು ಹುಳಿ ಮುಟ್ಟುವವಳೇ ಅಲ್ಲ. ಹೊಟ್ಟೆಯಲ್ಲಿರೋ ಕೂಸು ಕೇಳ್ತಿದೆ."

"ಮೂರು ತಿಂಗಳದ್ದು? ಕೇಳ್ತಿದೆಯಾ?"

"ಹಟ ಮಾಡ್ತಿದೆ! ಈ ಮರದ್ದೇ ಬೇಕು, ಬೇರೆದು ಬೇಡ ಅಂತಿದೆ. ನಾನು ಬರೀ ಆಳು ಬುದ್ಧಿ. ಕೇಳಿದ್ದು ಅದು."

ಖಾಜಿ ಸಾಹೇಬರು ಗಡ್ಡದೊಳಗೆ ನಕ್ಕರು.

"ಅಲ್ಲಪ್ಪ ಚೌಡಪ್ಪ," ಎಂದಳು ಕೊಟ್ರವ್ವ, "ಮೂರು ತಿಂಗಳದ್ದಕ್ಕೆ ಮಾವಿನಕಾಯಿ ಕೇಳೋಕೆ ಬಾಯಿದೆ, ಐದು ತಿಂಗಳದ್ದಕ್ಕೆ ಮನೆ ಕೇಳೋಕೆ ಬಾಯಿಲ್ಲವಾ? ಹೊಟ್ಟೆಯಲ್ಲಿರೋದು ಯಾರೂ ಅಲ್ಲ ಅಂದರೆ ಕಳ್ಳ ನೀನೇ, ಕತ್ತೆ ಹೊರಗೆ ಕಾಯ್ತಿದೆ. ಒಬ್ಬರು ಇದ್ದಾರೆ ಅಂದರೆ ಈರಕ್ಕನ ಹೊಟ್ಟೆಯಲ್ಲೂ ಇದ್ದಾರೆ. ಯಾವುದು ಹೇಳು."

ಚೌಡಪ್ಪನ ಕೈ ತನ್ನಷ್ಟಕ್ಕೆ ಜುಟ್ಟಿನ ಮೇಲೆ ಹೋಯಿತು.

"ಇದ್ದಾರೆ ಬುದ್ಧಿ, ಇದ್ದಾರೆ! ಎರಡು ಹೊಟ್ಟೆಯಲ್ಲೂ ಇದ್ದಾರೆ!"

ನಾಯಕ ಕಣ್ಣಲ್ಲಿ ನೀರು ಬರುವಂತೆ ನಕ್ಕ. ಅರ್ಧ ಮನೆ ಈರಕ್ಕನ ಕೂಸಿಗೆ ಎಂದು ತೀರ್ಪು ಕೊಟ್ಟ. ಆಮೇಲೆ ಕೇಳಿದ: "ಈಗ ನಿಜ ಹೇಳು ಕೊಟ್ರವ್ವ. ಅದು ಮನುಷ್ಯ ಆಗೋದು ಯಾವ ತಿಂಗಳಲ್ಲಿ?"

"ಅದು ನನಗೆಲ್ಲಿ ಗೊತ್ತು ಬುದ್ಧಿ? ದೊಡ್ಡವರು ವಾದ ಮಾಡ್ತಿರಲಿ. ಆದರೆ ಹೊತ್ತವಳು ಮನುಷ್ಯಳು ಅನ್ನೋದರಲ್ಲಿ ಇಲ್ಲಿ ಯಾರಿಗೂ ಅನುಮಾನ ಇಲ್ಲವಲ್ಲ? ಬೆಳಗಿನಿಂದ ನಿಂತೇ ಇದ್ದಾಳೆ. ಕೂತ್ಕೋ ತಾಯಿ ಅಂದವರು ಒಬ್ಬರಿಲ್ಲ."

ನಾಯಕನ ನಗು ನಿಂತಿತು. ತಾನು ಒರಗಿದ್ದ ದಿಂಬನ್ನು ತಾನೇ ಎತ್ತಿಕೊಂಡು ಹೋಗಿ ಈರಕ್ಕನಿಗೆ ಕೊಟ್ಟ. ಶಾಸ್ತ್ರಿಗಳು, ಖಾಜಿ ಸಾಹೇಬರು, ಅಯ್ಯನವರು ಮೂವರೂ ಒಟ್ಟಿಗೆ ಸರಿದು ಜಾಗ ಬಿಟ್ಟರು. ಆ ವಾರವೆಲ್ಲ ಅವರು ಒಮ್ಮತದಿಂದ ಮಾಡಿದ ಕೆಲಸ ಅದೊಂದೇ.