ಹೆಗ್ಗಣವನ್ನು ಪ್ರೀತಿಸಿದ ವೀರ

ದೆವ್ವಗಳೇ ತುಂಬಿದ್ದ ಒಂದು ವಿಡಿಯೋ ಗೇಮಿನ ಪಾಳುಕೋಟೆಯಲ್ಲಿ, ಬೋನಿನೊಳಗೆ ಒಂದು ಹೆಗ್ಗಣವಿತ್ತು. ಆಟದಲ್ಲಿ ಅದರದು ಪುಟ್ಟ ಪಾತ್ರ: ವೀರ ಕೀಲಿ ಗೆದ್ದು ತಂದು ಬೀಗ ತೆಗೆದರೆ ಅದು ಕೋಟೆಯಾಚೆ ಹೋಗಬೇಕು, ಅಷ್ಟೇ. ವೀರ ಎಂದೋ ಕೀಲಿ ಗೆದ್ದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ದಿನಾ ಬಂದು ಹೆಗ್ಗಣದ ಹರಟೆ ಕೇಳಿ, ಕೈಮುಗಿದು ಹೋಗುತ್ತಿದ್ದ. ಬೀಗ ಮಾತ್ರ ಮುಟ್ಟುತ್ತಿರಲಿಲ್ಲ.

“ಇವನಿಗೇನು ಕಣ್ಣು ಕಾಣುವುದಿಲ್ಲವೇ?” ಎಂದು ಹೆಗ್ಗಣ ಹಲ್ಲು ಕಡಿಯಿತು.

ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು. “ಕಾಣುತ್ತದೆ ಕಣಯ್ಯಾ. ಹಿಂದೆ ಗೂಬೆಯನ್ನು ಬಿಡಿಸಿದ. ಹಾರಿಹೋದದ್ದು ಮತ್ತೆ ಈ ಕಡೆ ತಲೆಹಾಕಲಿಲ್ಲ. ನೀನೆಂದರೆ ಅವನಿಗೆ ಪ್ರಾಣ. ನೀನೂ ಹೋದರೆ ಅವನಿಗೆ ಇಲ್ಲಿ ಯಾರಿದ್ದಾರೆ?”

“ಅವನ ಪ್ರೀತಿಗೆ ಬೆಂಕಿ ಬೀಳ! ಇವತ್ತು ನನ್ನ ಮುಖ ನೋಡಿದರೆ ಅಸಹ್ಯಪಟ್ಟು ತಾನೇ ಬೀಗ ತೆಗೆದು ಓಡಿಸಬೇಕು, ಹಾಗೆ ಮಾಡುತ್ತೇನೆ.”

ವೀರ ಬಂದ ಕೂಡಲೇ ಹೆಗ್ಗಣ ಅವನ ಏಳು ತಲೆಮಾರನ್ನೂ ಜಾಲಾಡಿತು. ಅವನ ಕತ್ತಿಯನ್ನು ತುಕ್ಕು ಹಿಡಿದ ಕುಡುಗೋಲೆಂದಿತು. ಕೊನೆಗೆ ಅವನ ಬೂಟಿನ ಮೇಲೆ ಉಗಿಯಿತು.

ವೀರ ಸೊಂಟದ ಕೀಲಿಗೆ ಕೈಹಾಕಿದ. ಹೆಗ್ಗಣ ಬಾಗಿಲಿಗೆ ಬಂದು ನಿಂತಿತು.

“ಇಂಥ ಗೆಳೆಯನನ್ನು ಕಳೆದುಕೊಳ್ಳುವುದುಂಟೇ!” ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಾ, ವೀರ ಕೀಲಿಯನ್ನು ಕೋಟೆಯಂಗಳದ ಆಳದ ಬಾವಿಗೆ ಎಸೆದ.